ಮಾವನ ಕಣ್ಣು

ಐದು ವರ್ಷದ ಮೊಮ್ಮಗಳನ್ನು ಅತ್ತೆ "ರೀ" ಎಂದು ಕರೆಯುವುದನ್ನು ಕೇಳಿ ಸೊಸೆ ಮೊದಮೊದಲು ನಗುತ್ತಿದ್ದಳು. ಈಗ ಆ ಒಂದಕ್ಷರ ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಸೂಜಿ ಬಟ್ಟೆ ಬಿಟ್ಟು ಬೆರಳಿಗೆ ಚುಚ್ಚುತ್ತಿತ್ತು.

"ರೀ, ಹಾಲು ಆರಿಹೋಗ್ತಿದೆ, ಕುಡೀರಿ."

"ನಂಗೆ ಹಾಲು ಸೇರಲ್ಲ. ಹೋದ ಸಲಾನೂ ಸೇರ್ತಿರ್ಲಿಲ್ಲ," ಎಂದಳು ಮಗಳು ಗಂಭೀರವಾಗಿ.

"ನೋಡ್ದೇನೇ? ಅವ್ರೂ ಥೇಟ್ ಹೀಗೇ!"

ಮಾವ ದರ್ಜಿಯಾಗಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಈಗ ಅಲ್ಲಿ ಬಟ್ಟೆ ಕತ್ತರಿಸುವವನು ಗಂಡ. ಕಾಜಾ, ಗುಂಡಿ, ಅಂಚು ಸೊಸೆಯ ಪಾಲು. ಮಾವ ತೀರಿಕೊಂಡ ಮರುವರ್ಷ ಮಗು ಹುಟ್ಟಿತು. ಮೂರು ತುಂಬಿದಾಗ ಒಂದು ದಿನ ಅದು ಮೇಜಿನ ಕೆಳಗೆ ಬಿದ್ದಿದ್ದ ಗುಂಡಿಯೊಂದನ್ನು ಎತ್ತಿಕೊಂಡು, ಕತ್ತು ವಾಲಿಸಿ, ಎಡಗಣ್ಣು ಕಿರಿದು ಮಾಡಿ ನೋಡಿತು. ಮಾವ ಸೂಜಿಗೆ ದಾರ ಪೋಣಿಸುತ್ತಿದ್ದುದು ಹಾಗೆಯೇ. ಅತ್ತೆಯ ಕೈಯಿಂದ ಅಳತೆ ಟೇಪು ಜಾರಿ ಬಿತ್ತು. ಅಂದಿನಿಂದ ಆ ಮನೆಯಲ್ಲಿ ಮಗು ಮಗುವಾಗಿ ಉಳಿಯಲಿಲ್ಲ.

ಆತ್ಮಕ್ಕೆ ಸಾವಿಲ್ಲ ಎಂಬ ಮಾತಿಗೆ ಸೊಸೆಯ ತಕರಾರಿರಲಿಲ್ಲ. ಇರಬಹುದು, ಕಂಡವರು ಯಾರು? ಆದರೆ ಇಷ್ಟು ದೊಡ್ಡ ಲೋಕದಲ್ಲಿ ಅದಕ್ಕೆ ತನ್ನ ಹೊಟ್ಟೆಯೇ ಸಿಗಬೇಕಿತ್ತೇ? ನಾದಿನಿ ಬಂದರೆ ಮಗುವಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಅಪ್ಪಾ, ಆ ಹಳೇ ಮೆಷಿನ್ ನಂಗೇ ಅಂದಿದ್ಯಲ್ಲ, ಜ್ಞಾಪಕ ಇದ್ಯಾ?" ಎಂದು ಜೀವ ತಿನ್ನುತ್ತಿದ್ದಳು. ಮಗಳೇನು ಕಡಿಮೆ ಕಳ್ಳಿಯೇ? ಶಾಲೆಗೆ ಹೊರಡಿಸಿದರೆ, "ನಾನು ಆಗ್ಲೇ ಒಂದ್ಸಲ ಓದಿ ಮುಗ್ಸಿದೀನಿ," ಎಂದು ಮಂಚದಡಿ ಸೇರುತ್ತಿದ್ದಳು.

ಇದನ್ನೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಮಗಳ ಮೇಲಿಂದ ಎಂದೂ ಕಣ್ಣು ಕೀಳದ ಸೊಸೆಗೆ ಬೇರೇನೋ ಕಾಣುತ್ತಿತ್ತು. ಮೆಟ್ಟಿಲಿಳಿಯುವಾಗ ಮಗಳು ಕೊನೆಯ ಮೆಟ್ಟಿಲನ್ನು ಕಾಲಿನಿಂದ ತಡವುತ್ತಿದ್ದಳು. ಲೋಟಕ್ಕೆ ನೀರು ಬಗ್ಗಿಸಿದರೆ ಅರ್ಧ ನೆಲದ ಪಾಲು. ಒಮ್ಮೆ ಕಣ್ಣು ತೋರಿಸಿ ಎಂದು ಟೀಚರ್ ಕೂಡ ಚೀಟಿ ಬರೆದಿದ್ದರು. ಎರಡು ಸಲ ಆಸ್ಪತ್ರೆಗೆ ಹೊರಟಾಗಲೂ ಅತ್ತೆ ಅಡ್ಡ ನಿಂತಿದ್ದರು. ಇವತ್ತು ಮೂರನೆಯ ಸಲ.

"ಹಾಗೆ ಕಣ್ಣು ಕಿರಿದು ಮಾಡೋದು ಅವ್ರ ಗುರುತು ಕಣೇ. ಡಾಕ್ಟ್ರು ಅದನ್ನ ಸರಿ ಮಾಡ್ಬಿಟ್ರೆ, ಅವ್ರು ನಮ್ಜೊತೆ ಇದ್ದಾರೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಗಂಡ ಬಟ್ಟೆಯ ಮೇಲೆ ಗೆರೆ ಎಳೆಯುತ್ತ, ತಲೆಯೆತ್ತದೆ, "ಅಮ್ಮನ ಸಮಾಧಾನಕ್ಕೆ ಇರ್ಲಿ ಬಿಡೇ. ಮುಂದಿನ ತಿಂಗ್ಳು ನೋಡೋಣ," ಎಂದ.

"ಅಮ್ಮನ ಸಮಾಧಾನಕ್ಕೆ ನನ್ ಮಗಳ ಕಣ್ಣು ಹೋಗ್ಬೇಕಾ?" ಅವಳು ಅತ್ತೆಯ ಕಡೆ ತಿರುಗಿದಳು. "ಆತ್ಮಕ್ಕೆ ಮೈ ಅನ್ನೋದು ಬಟ್ಟೆ ಇದ್ದಂಗೆ ಅಂತ ನೀವೇ ಹೇಳ್ತೀರಲ್ಲ, ಅತ್ತೆ? ಬಟ್ಟೆ ಹರಿದ್ರೆ ಹೊಲೀಬೇಕು ತಾನೇ? ದರ್ಜಿ ಮನೇಲಿದ್ಕೊಂಡು ಹರಕಲನ್ನ ಕಣ್ಣಿಗೊತ್ಕೊಂಡು ಕೂರ್ತೀರಾ?"

ಅತ್ತೆ ಬಾಯಿ ತೆರೆದರು. ಅಷ್ಟರಲ್ಲಿ ಸೊಸೆ ಮಗಳ ಕಾಲಿಗೆ ಚಪ್ಪಲಿ ಏರಿಸಿಯಾಗಿತ್ತು.

"ಹಾಗಾದ್ರೆ ನಾನೂ ಬರ್ತೀನಿ," ಎಂದರು ಅತ್ತೆ. "ಅವ್ರೊಬ್ರನ್ನೇ ಕಳ್ಸಲ್ಲ."

ಕಣ್ಣಿನ ಡಾಕ್ಟರು ಹೆಂಗಸು. ಮಗಳ ಬಲಗಣ್ಣು ಮುಚ್ಚಿ, "ಅಜ್ಜಿ ಎಲ್ಲಿದ್ದಾರೆ, ತೋರ್ಸು ಪುಟ್ಟಿ," ಎಂದರು. ಅತ್ತೆ ಕೋಣೆಯ ಆ ತುದಿಯ ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಮಗಳು ಕತ್ತು ಅತ್ತಿತ್ತ ಹೊರಳಿಸಿ, ಗೋಡೆಗೆ ನೇತುಹಾಕಿದ್ದ ಕೋಟಿನ ಕಡೆ ಬೆರಳು ಮಾಡಿದಳು.

"ಎಡಗಣ್ಣು ನೋಡೋದನ್ನೇ ಕಲ್ತಿಲ್ಲ," ಎಂದರು ಡಾಕ್ಟರು. "ಕನ್ನಡಕ ಕೊಡ್ತೀನಿ. ಚೆನ್ನಾಗಿರೋ ಕಣ್ಣಿಗೆ ದಿನಾ ನಾಲ್ಕು ಗಂಟೆ ಪಟ್ಟಿ ಹಾಕಿ, ಆಗ ಇದು ಕೆಲ್ಸ ಕಲಿಯತ್ತೆ. ದೊಡ್ಡವಳಾದ್ಮೇಲೆ ಬಂದಿದ್ರೆ ತುಂಬಾ ಕಷ್ಟ ಆಗ್ತಿತ್ತು. ಮನೇಲಿ ಇನ್ಯಾರಿಗಾದ್ರೂ ಹೀಗಿತ್ತಾ? ಇದು ವಂಶದಲ್ಲಿ ಬರೋದುಂಟು."

ಅತ್ತೆ ಆ ಕೋಟನ್ನೇ ನೋಡುತ್ತಿದ್ದರು. "ನಾನು ಕೊಟ್ಟ ಲೋಟ ಹಿಡಿಯಕ್ಕೆ ಹೋಗಿ ಚೆಲ್ಬಿಡೋರು," ಎಂದರು ಕೊನೆಗೆ, ಯಾರಿಗೋ ಎಂಬಂತೆ. "ಬೇಕಂತ್ಲೇ ಮಾಡ್ತಾರೆ ಅಂತ ನಲವತ್ತು ವರ್ಷ ಬೈದೆ. ಒಂದಿನಾನಾದ್ರೂ ಹೇಳ್ಬಾರ್ದಿತ್ತಾ?"

ದಾರಿಯಲ್ಲಿ ಅತ್ತೆ ಒಮ್ಮೆಯೂ "ರೀ" ಎನ್ನಲಿಲ್ಲ. ಸದ್ಯ, ಈ ಹುಚ್ಚು ಇಲ್ಲಿಗೆ ಬಿಟ್ಟಿತು ಎಂದು ಸೊಸೆ ಉಸಿರುಬಿಟ್ಟಳು.

ಮರುದಿನ ಬೆಳಿಗ್ಗೆ ಪಟ್ಟಿ ಅಂಟಿಸಿದ ಮರುಕ್ಷಣವೇ ಮಗಳು ಅದನ್ನು ಕಿತ್ತೆಸೆದಳು. "ಹೋದ ಸಲ ನಾನು ಇದನ್ನ ಹಾಕ್ಕೊಂಡಿರ್ಲಿಲ್ಲ!"

"ಹಾಕ್ಕೊಂಡಿರ್ಲಿಲ್ಲ, ಅದಕ್ಕೇ ಈ ಗತಿ!" ಅತ್ತೆ ಸೊಂಟಕ್ಕೆ ಕೈಯಿಟ್ಟು ಎದುರು ನಿಂತರು. "ಒಂದು ಜನ್ಮ ಪೂರ್ತಿ ನನ್ನಿಂದ ಮುಚ್ಚಿಟ್ರಿ. ಈ ಸಲ ನಿಮ್ಮಾಟ ನಡೆಯಲ್ಲ. ಕೂತ್ಕೊಳ್ರೀ!"

ಮಗಳು ಬೆಪ್ಪಾಗಿ ಕೂತೇಬಿಟ್ಟಳು. ಅತ್ತೆ ಹೊಸ ಪಟ್ಟಿ ತೆಗೆದು, ಒಂದು ಸುಕ್ಕೂ ಇಲ್ಲದಂತೆ ಅಂಟಿಸಿ, ಮೇಲೆ ಕನ್ನಡಕ ಏರಿಸಿದರು.

"ಅತ್ತೆ, ವಂಶದಲ್ಲಿ ಬರೋದೇ ಬೇರೆ, ಆತ್ಮಾನೇ ಬೇರೆ" ಎಂಬ ಮಾತು ಸೊಸೆಯ ನಾಲಗೆಯ ತುದಿಗೆ ಬಂದಿತ್ತು. ಗಡಿಯಾರ ನೋಡಿದಳು. ನಾಲ್ಕು ಗಂಟೆ, ಅದೂ ದಿನಾ. ತನ್ನೊಬ್ಬಳಿಂದ ಆಗುವ ಮಾತಲ್ಲ. ಹಲ್ಲಿನಲ್ಲಿ ದಾರ ಕಡಿಯುವಂತೆ ಆ ಮಾತನ್ನು ಅಲ್ಲೇ ಕಡಿದು, ಸೂಜಿ ಬಟ್ಟೆ ಕೈಗೆತ್ತಿಕೊಂಡಳು.

ಅತ್ತೆ ಹಾಲಿನ ಲೋಟ ಚಾಚಿದರು. ಪುಟ್ಟ ಕೈ ಒಂದು ಗೇಣು ಈಚೆಗೇ ಗಾಳಿಯಲ್ಲಿ ತಡಕಿತು. ಅತ್ತೆ ಬೈಯಲಿಲ್ಲ. ಲೋಟವನ್ನು ಆ ಬೆರಳುಗಳಿಗೇ ಮುಟ್ಟಿಸಿ ಹಿಡಿದುಕೊಂಡರು.

"ನಿಧಾನಕ್ಕೆ, ರೀ."

ಸೊಸೆಗೆ ಸೂಜಿ ಚುಚ್ಚಿತು.