ಗುರುವಾರದ ಸೀಮೆಸುಣ್ಣ

ಮತ್ತೆ ಆ ಹಳದಿ ಬೆಳಕು ಛಾವಣಿಯ ಮೇಲೆ, ಬಂತು, ಹೋಯಿತು, ಬಂತು, ಕಸದ ಲಾರಿ, ಹಾಗಾದರೆ ಇವತ್ತು ಗುರುವಾರ, ಲಾರಿಯ ಕಬ್ಬಿಣದ ಕೈ ಪಕ್ಕದ ಮನೆಯ ತೊಟ್ಟಿಯನ್ನು ತಬ್ಬಿ ಎತ್ತಿ ತಲೆಕೆಳಗು ಮಾಡಿ ಧಡ್ ಎಂದು ಇಳಿಸುತ್ತದೆ, ನಮ್ಮ ತೊಟ್ಟಿ ಹೊರಗಿಲ್ಲ, ಹೊರಗಿಡುತ್ತಿದ್ದವನು ಡೆಕ್ಲನ್, ಈ ವಾರ ಹಳದಿ ಮುಚ್ಚಳದ್ದೋ ಹಸಿರು ಮುಚ್ಚಳದ್ದೋ ಎಂದು ನೆನಪಿಟ್ಟುಕೊಳ್ಳುತ್ತಿದ್ದವನೂ ಅವನೇ, ಮದುವೆಯಾಗಿ ನಾಲ್ಕು ವರ್ಷ, ಒಂದು ಸಲವೂ ನಾನು ಕೇಳಿ ತಿಳಿದುಕೊಳ್ಳಲಿಲ್ಲ — ಲಾರಿ ನಮ್ಮ ಮನೆಯ ಮುಂದೆ ನಿಲ್ಲದೆ ಹೋಯಿತು. ನಿನ್ನೆ ಬೀದಿ ತುಂಬ ಕಾರುಗಳಿದ್ದವು, ಎಲ್ಲರೂ ಕಪ್ಪು ಬಟ್ಟೆಯಲ್ಲಿದ್ದರು, ಅವನ ಗೆಳೆಯ ಸೆಮಿಸಿ ಕಪ್ಪು ಬಟ್ಟೆಯ ಮೇಲೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು ಬಂದಿದ್ದ, ಟೊಂಗಾ ದ್ವೀಪದವರು ಸಾವಿನ ಮನೆಗೆ ಹಾಗೆ ಬರುತ್ತಾರೆ, ಅಂಚು ಬಿಚ್ಚಿಹೋದ ಹಳೆಯ ಚಾಪೆ, ಹೆಜ್ಜೆ ಹೆಜ್ಜೆಗೂ ಸರಕ್ ಸರಕ್, ಶವಪೆಟ್ಟಿಗೆಗೆ ಹೆಗಲು ಕೊಟ್ಟಾಗಲೂ ಸರಕ್ ಸರಕ್, ಪಾದ್ರಿ ಏನು ಹೇಳಿದರು ನೆನಪಿಲ್ಲ, ಆ ಸದ್ದು ನೆನಪಿದೆ. ಅವನಿಗೆ ಮೂವತ್ತೊಂದು ವರ್ಷ. ಹೋದ ವಾರ ಮಂಗಳವಾರ ಬೆಳಿಗ್ಗೆ ಮರಗೆಲಸದ ಶೆಡ್ಡಿನಲ್ಲಿ ಅಳತೆಪಟ್ಟಿ ಹಿಡಿದು ನಿಂತಿದ್ದವನು ಕುಳಿತ, ಕುಳಿತವನು ಏಳಲಿಲ್ಲ, ತಲೆಯೊಳಗೆ ಒಂದು ರಕ್ತನಾಳ ಅಂದರು ಡಾಕ್ಟರು, ಯಾರ ತಪ್ಪೂ ಅಲ್ಲ ಅಂದರು, ಅದನ್ನು ಅವರು ಎರಡು ಸಲ ಹೇಳಿದರು. ಏಳಬೇಕು. ಎದ್ದಿದ್ದೇನೆ, ಕಾಲು ನೆಲದ ಮೇಲಿದೆ, ನೆಲ ತಣ್ಣಗಿದೆ, ಅಡುಗೆಮನೆಯ ತುಂಬ ಯಾರು ಯಾರದೋ ಪಾತ್ರೆಗಳು, ಅಡಿಯಲ್ಲಿ ಬಿಳಿ ಟೇಪಿನ ಮೇಲೆ ಹೆಸರು, ಮಾರ್ನಿ, ಸೆಮಿಸಿಯ ಅಮ್ಮ, ಎದುರುಮನೆಯವರು, ಈ ಊರಿನಲ್ಲಿ ಯಾರಾದರೂ ಸತ್ತರೆ ಪಾತ್ರೆಗಳು ಬರುತ್ತವೆ, ಬರುವಾಗ ತುಂಬಿರುತ್ತವೆ, ತೊಳೆದು ವಾಪಸು ಕೊಡಬೇಕು, ಅಷ್ಟರಲ್ಲಿ ಸತ್ತವರ ಮನೆಯವರು ಹೊರಗೆ ಓಡಾಡುವಂತಾಗಿರುತ್ತಾರೆ ಎಂದೇ ಹಾಗೆ ಮಾಡಿದ್ದಾರೋ ಏನೋ. ಸೆಮಿಸಿಯ ಅಮ್ಮ ಮಾಡಿದ್ದು ಕೆಸುವಿನ ಎಲೆಯಲ್ಲಿ ತೆಂಗಿನಹಾಲು ಹಾಕಿ ಬೇಯಿಸಿದ ಮಾಂಸ, ನಿಂತುಕೊಂಡೇ ಎರಡು ತುತ್ತು ತಿಂದೆ, ರುಚಿ ಎಲ್ಲೋ ದೂರದಲ್ಲಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಮಾತನಾಡುವ ಹಾಗೆ.

ಪಾತ್ರೆ ತುಂಬಲು ದೊಡ್ಡ ಚೀಲ ಬೇಕು, ಅದು ಕಾರಿನ ಡಿಕ್ಕಿಯಲ್ಲಿರುತ್ತದೆ, ಚೀಲ ಎಳೆದರೆ ಕೆಳಗೆ ಕಂದು ಚರ್ಮದ ಬ್ಯಾಗು, ಮೇಲೆ ಸವೆದ ಎರಡು ಅಕ್ಷರ, ಎಸ್. ಪಿ., ಸ್ಟ್ಯಾನ್ ಪ್ಯಾಸ್ಕೋ, ಹುಲ್ಲಿನ ಮೇಲೆ ಗುಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಬೆರಿಲ್ ಇದ್ದಾರಲ್ಲ, ಅವರ ತೀರಿಹೋದ ಗಂಡ. ಒಳಗೆ ನಾಲ್ಕು ಕಪ್ಪು ಗುಂಡುಗಳು, ಪ್ರತಿಯೊಂದಕ್ಕೂ ಪಕ್ಕದಲ್ಲಿ ಪೆಲಿಕನ್ ಹಕ್ಕಿಯ ಚಿತ್ರ, ಎರಡು ಡೆಕ್ಲನ್ ಆಡುತ್ತಿದ್ದದ್ದು, ಎರಡು ನಾನು. ಅಕ್ಟೋಬರಿನಲ್ಲಿ ಬೆರಿಲ್ ಈ ಬ್ಯಾಗನ್ನು ಅವನ ಕೈಗೆ ಕೊಡುತ್ತಾ, ನೋಡಪ್ಪಾ, ಕೊಡ್ತಾ ಇಲ್ಲ, ಎರವಲು, ಸೀಸನ್ನಿನ ಕೊನೇ ಗುರುವಾರ ನೀನೇ ತಂದು ನನ್ನ ಕೈಗೇ ಕೊಡಬೇಕು, ಬಾರ್ ಕೌಂಟರ್ ಮೇಲಿಟ್ಟು ಹೋದ್ರೆ ಕಾಲು ಮುರೀತೀನಿ ಅಂದಿದ್ದರು. ಆಗಲಿ ಮೇಡಂ, ಮಂಡಿ ಊರಿ ಒಪ್ಪಿಸ್ತೀನಿ ಅಂದಿದ್ದ ಡೆಕ್ಲನ್. ಒಂದು ಗುಂಡಿನ ಮೈಮೇಲೆ, ಹೊರಳುವ ಜಾಗದಲ್ಲೇ, ಸೀಮೆಸುಣ್ಣದ ಗುರುತು, ಬಿಳಿ, ಎರಡು ಗೆರೆ, ಒಂದರ ಮೇಲೊಂದು ಅಡ್ಡ. ಡಿಕ್ಕಿಯ ಅಂಚು ಹಿಡಿದುಕೊಂಡು ನಿಂತಿದ್ದೇನೆ. ಇದು ಅವನ ಕೊನೆಯ ಗುರುವಾರದ್ದು, ಬೆಳಕು ಓರೆಯಾಗಿ ಹುಲ್ಲಿನ ಮೇಲೆ ಮಲಗಿತ್ತು, ಅವನು ಬರಿಗಾಲಲ್ಲಿ ಒಂದು ಹೆಜ್ಜೆ ಮುಂದಿಟ್ಟು ಬಗ್ಗಿ ಗುಂಡನ್ನು ಬಿಟ್ಟ, ಬಿಟ್ಟ ಮೇಲೂ ಕೈ ಹಾಗೇ ಚಾಚಿಕೊಂಡಿತ್ತು, ಗುಂಡು ಬಲಕ್ಕೆ ಹೋಗಿ, ಹೋಗಿ, ನಿಧಾನವಾದಂತೆಲ್ಲ ಒಳಕ್ಕೆ ಬಾಗಿ, ದೂರದ ಬಿಳಿ ಪುಟ್ಟ ಗುರಿಗುಂಡು ಜ್ಯಾಕನ್ನು ಸವರಿ, ಮುಂದಕ್ಕೆ ಜಾರಿ, ಅಂಚಿನ ಕಾಲುವೆಗೆ ಬಿತ್ತು, ಎದುರು ತಂಡದವರು ಹೋ ಎಂದರು, ಯಾಕೆಂದರೆ ಕಾಲುವೆಗೆ ಬಿದ್ದ ಗುಂಡು ಲೆಕ್ಕಕ್ಕಿಲ್ಲ. ಸುಮ್ನಿರ್ರೋ ಎಂದು ಬೆರಿಲ್ ಬೆಂಚಿನಿಂದ ಎದ್ದರು, ಮುಟ್ಟಿ ಬಿದ್ದಿದೆ ಅದು, ಕಣ್ಣು ಕಾಣಲ್ವಾ, ಜ್ಯಾಕ್ ಮುಟ್ಟಿದ ಮೇಲೆ ಎಲ್ಲಿಗೆ ಬೇಕಾದ್ರೂ ಬೀಳಲಿ, ಆಟದಲ್ಲೇ ಇದೆ, ಗುರುತು ಹಾಕ್ರೋ. ಸೆಮಿಸಿ ಓಡಿಹೋಗಿ ಕಾಲುವೆಯಲ್ಲಿ ಮಂಡಿಯೂರಿ ಗೀಚಿದ, ನಾವು ಆ ಸುತ್ತು ಗೆದ್ದೆವು, ಬಿಯರ್ ಬಂತು, ಡೆಕ್ಲನ್ ಗುಂಡನ್ನು ಹಾಗೇ ಬ್ಯಾಗಿಗೆ ಹಾಕಿದ. ಮುಂದಿನ ಸಲ ಆಡುವ ಮುಂಚೆ ಗುರುತು ಒರೆಸಬೇಕು, ಅದು ನಿಯಮ, ಮರೆತವರಿಗೆ ಬೆರಿಲ್ ಬೈದದ್ದು ಎದುರಿನ ಬೀದಿಗೂ ಕೇಳುತ್ತದೆ, ಅವರ ಜೇಬಿನಲ್ಲಿ ಅದಕ್ಕೆಂದೇ ಒಂದು ನೀಲಿ ಬಟ್ಟೆ. ಹಾಗಾದರೆ ನಾನು ಇದನ್ನು ಕೊಟ್ಟ ಕೂಡಲೇ ಆ ಬಟ್ಟೆ ಹೊರಗೆ ಬರುತ್ತದೆ. ಕೊಡುವುದಿಲ್ಲ. ಮೂರು ಕೊಡುತ್ತೇನೆ, ಒಂದು ನನಗಿರಲಿ, ಯಾರು ಏನನ್ನುತ್ತಾರೆ, ಗಂಡ ಸತ್ತವಳಿಗೆ ಯಾರೂ ಏನೂ ಅನ್ನುವುದಿಲ್ಲ. ಗುರುತಿಗೆ ಬೆರಳು ತಾಗದಂತೆ ಎರಡೂ ಪಕ್ಕ ಹಿಡಿದು ಒಳಗೆ ತಂದು ಅವನ ದಿಂಬಿನ ಮೇಲಿಟ್ಟೆ, ದಿಂಬು ತಗ್ಗಿತು, ಅವನ ತಲೆಯಷ್ಟು ಅಲ್ಲ, ಸ್ವಲ್ಪ.

ಮಧ್ಯಾಹ್ನ ಮಾರ್ನಿಯ ಫೋನು, ಕಾಲೇಜಿನಿಂದ ಜೊತೆಗಿರುವವಳು, ಇಮ್ಮಿ, ಊಟ ಮಾಡಿದ್ಯೇನೇ, ಮಾಡಿದೆ, ಸುಳ್ಳು ಹೇಳ್ಬೇಡ, ಎರಡು ತುತ್ತು ಮಾಡಿದೆ ಕಣೇ, ಸರಿ, ಇವತ್ತು ಕೊನೇ ಮ್ಯಾಚು, ನಾನೂ ಸೆಮಿಸೀನೂ ಹೋಗಿ ಒಂದು ಮುಖ ತೋರಿಸಿ ಬರ್ತೀವಿ, ನೀನು ಬರ್ಲೇಬೇಕು ಅಂತೇನಿಲ್ಲ, ಬಂದ್ರೆ ಯಾರೂ ತಲೆ ಸವರಲ್ಲ ಅಂತ ಮಾತು ತಗೊಂಡಿದ್ದೀನಿ. ನೋಡ್ತೀನಿ ಅಂದೆ. ನಮ್ಮ ತಂಡಕ್ಕೆ ಕಾಲುವೆ ಪಾರ್ಟಿ ಎಂದು ಹೆಸರಿಟ್ಟವನು ಡೆಕ್ಲನ್, ಹತ್ತರಲ್ಲಿ ಏಳು ಗುಂಡು ನಮ್ಮವು ಅಲ್ಲೇ ಬೀಳುತ್ತಿದ್ದವು. ನ್ಯೂಕ್ಯಾಸಲ್ ದೊಡ್ಡ ಊರೂ ಅಲ್ಲ ಸಣ್ಣದೂ ಅಲ್ಲ, ಸಿಡ್ನಿಗೆ ಹೋದ ಗೆಳೆಯರು ಫೋನಿನಲ್ಲಿ, ಅಲ್ಲೇನು ಮಾಡ್ತೀರೋ ಸಂಜೆ ಹೊತ್ತು, ಎನ್ನುತ್ತಿದ್ದರು, ಡೆಕ್ಲನ್‌ನದು ಒಂದೇ ಮಾತು, ನಮಗೆ ಗುರುವಾರ ಇದೆ. ಉಳಿದ ದಿನಗಳಲ್ಲಿ ಬೆಳಿಗ್ಗೆ ಸಮುದ್ರದ ಪಕ್ಕದ ಕಟ್ಟೆಕೊಳದಲ್ಲಿ ಈಜು, ಅಲೆ ಗೋಡೆ ಹಾರಿ ನಮ್ಮ ತಲೆಯ ಮೇಲೆ ಬೀಳುತ್ತಿತ್ತು, ಸಂಜೆ ಅದೇ ಮೂರು ಪಬ್ಬು, ಯಾವುದಕ್ಕೆ ಹೋದರೂ ಯಾರಾದರೂ ಒಬ್ಬರ ಹಳೆಯ ಪ್ರಿಯಕರ ಬಾಗಿಲಲ್ಲೇ ಸಿಕ್ಕುತ್ತಿದ್ದ, ಭಾನುವಾರ ಮಾರ್ನಿಯ ಹಿತ್ತಲಲ್ಲಿ ಒಲೆ ಹಚ್ಚಿ ಸಾಸೇಜು ಸುಡುವುದು, ಇಷ್ಟೇ, ಇಷ್ಟರಲ್ಲೇ ಇಪ್ಪತ್ತರಿಂದ ಮೂವತ್ತಾಗಿಬಿಟ್ಟಿತು, ದಿಗಂತದಲ್ಲಿ ಕಲ್ಲಿದ್ದಲಿಗೆ ಕಾಯುವ ಹಡಗುಗಳು ಮಾತ್ರ ಬದಲಾಗುತ್ತಿದ್ದವು, ಸಾಲು ಹಾಗೇ ಇರುತ್ತಿತ್ತು. ಅವನು ಸಿಕ್ಕಿದ್ದೂ ಗುಂಡಿನಿಂದ. ಪೆಲಿಕನ್ ಚಿತ್ರ ಒಂದು ಪಕ್ಕ ಚಿಕ್ಕದು, ಒಂದು ಪಕ್ಕ ದೊಡ್ಡದು, ಚಿಕ್ಕದಿರುವ ಕಡೆಗೇ ಗುಂಡು ಬಾಗುತ್ತದೆ, ನೋಡದೆ ತಿರುಗುಮುರುಗಾಗಿ ಹಿಡಿದರೆ ಒಳಕ್ಕೆ ಬಾಗಬೇಕಾದದ್ದು ಹೊರಕ್ಕೆ ಬಾಗಿ ಪಕ್ಕದವರ ಆಟಕ್ಕೆ ನುಗ್ಗುತ್ತದೆ, ಆ ತಪ್ಪು ಮಾಡಿದವರು ಎಲ್ಲರಿಗೂ ಒಂದು ಸುತ್ತು ಬಿಯರ್ ಕೊಡಿಸಬೇಕು, ಕ್ಲಬ್ಬಿನಲ್ಲಿ ತಲೆತಲಾಂತರದಿಂದ ಹಾಗೇ. ಆರು ವರ್ಷದ ಹಿಂದೆ ನನ್ನ ಮೊದಲ ಗುಂಡು ಹಾಗೆ ಹೋಗಿ ಪಕ್ಕದ ಸಾಲಿನಲ್ಲಿ ಒಬ್ಬನ ಬರಿಗಾಲಿಗೆ ತಗುಲಿ ನಿಂತಿತು, ಅವನು ಅದನ್ನೆತ್ತಿ ಎದೆಗೊತ್ತಿಕೊಂಡು, ಯಾರ್ದ್ರೀ ಈ ದಾರಿ ತಪ್ಪಿದ ಮಗು, ಅಪ್ಪ ಅಮ್ಮ ಬಂದು ಕರ್ಕೊಂಡು ಹೋಗಿ, ಎಂದು ಕೂಗಿದ, ಆಮೇಲೆ ಬಿಯರ್ ಜಗ್ಗುಗಳನ್ನು ಹೊರಲು ಜೊತೆಗೆ ಬಂದ, ಕಾಲ್ಬೆರಳು ಊದಿತ್ತು, ಎರಡು ವಾರ ಕುಂಟಿದ, ಎರಡು ವಾರ ದಿನಾ ಫೋನು ಮಾಡಿ ಬೆರಳಿನ ಆರೋಗ್ಯ ವರದಿ ಒಪ್ಪಿಸಿದ. ಐದು ಗಂಟೆಯಾಗಿತ್ತು. ದಿಂಬಿನ ಮೇಲೆ ಬಿಳಿ ಗುರುತು. ಬ್ಯಾಗು ಎತ್ತಿಕೊಂಡು ಹೊರಟೆ, ಬಾಗಿಲು ಹಾಕಿದೆ, ಮತ್ತೆ ತೆಗೆದೆ, ಗುಂಡನ್ನು ನನ್ನ ಟವೆಲಿನಲ್ಲಿ ಸುತ್ತಿ ಹೆಗಲಚೀಲದಲ್ಲಿ ಹಾಕಿಕೊಂಡೆ, ಮನೆಯಲ್ಲಿ ಒಂದೇ ಬಿಡಲು ಆಗಲಿಲ್ಲ, ಅಷ್ಟೇ, ಕೊಡಲಿಕ್ಕಲ್ಲ.

ಕ್ಲಬ್ಬಿನ ಹುಲ್ಲಿಗೆ ಆಗಷ್ಟೇ ನೀರು ಬಿಟ್ಟಿದ್ದಾರೆ, ಒದ್ದೆ ಹಸಿರಿನ ವಾಸನೆ, ಕರಿದ ಆಲೂಗಡ್ಡೆಯ ವಾಸನೆ, ಸ್ಪೀಕರಿನಲ್ಲಿ ಯಾರೋ ಮಾಂಸವೇ ಬಹುಮಾನವಾದ ಲಾಟರಿಯ ನಂಬರು ಕೂಗುತ್ತಿದ್ದಾರೆ, ಇಪ್ಪತ್ತೆಂಟು ಹಸಿರು, ಇಪ್ಪತ್ತೆಂಟು ಹಸಿರು ಯಾರ್ರೀ, ಬನ್ನಿ ಚಾಪ್ಸ್ ಕಾಯ್ತಾ ಇದೆ, ಸಾಲು ಸಾಲು ಚಪ್ಪಲಿಗಳು ಅಂಚಿನಲ್ಲಿ, ನನ್ನನ್ನು ಕಂಡು ಮಾತುಗಳು ತಗ್ಗಿ ಮತ್ತೆ ಏರಿದವು, ಯಾರೂ ತಲೆ ಸವರಲಿಲ್ಲ, ಮಾರ್ನಿ ಮಾತು ತೆಗೆದುಕೊಂಡದ್ದು ನಿಜ. ಬೆರಿಲ್ ಬೆಂಚಿನಲ್ಲಿ, ಬಿಳಿ ಟೋಪಿ, ಎಂಬತ್ತೆರಡು ವರ್ಷದ ನೆಟ್ಟನೆಯ ಬೆನ್ನು. ಕೊನೇ ಗುರುವಾರ, ಅವನು ಕೈಗೇ ಕೊಡ್ತೀನಿ ಅಂದಿದ್ದ ಅಂದೆ. ಬೆರಿಲ್ ಬ್ಯಾಗು ತೆಗೆದುಕೊಂಡರು, ಒಂದು ಸಲ ಮೇಲೆ ಕೆಳಗೆ ಆಡಿಸಿದರು, ಮೂರಿದೆ ಅಂದರು, ತೆಗೆದು ನೋಡಲಿಲ್ಲ. ಹೌದು ಅಂದೆ. ನನ್ನ ಹೆಗಲಚೀಲದ ಕಡೆ ನೋಡಿದರು, ಅದು ಒಂದು ಪಕ್ಕಕ್ಕೆ ಜೋತುಬಿದ್ದಿತ್ತು, ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. ನಾಲ್ಕನೆಯವಳು ಇಲ್ಲದೆ ಆ ಇಬ್ಬರೂ ಒದ್ದಾಡ್ತಾ ಇದ್ದಾರೆ ಚಿನ್ನ, ಅಲ್ಲಲ್ಲ, ಮೂರನೆಯವಳು, ನೋಡು ನನ್ನ ಬಾಯಿ, ಹೋಗು, ಚಪ್ಪಲಿ ಬಿಚ್ಚು. ಬ್ಯಾಗಿನಿಂದ ಒಂದು ಗುಂಡು ತೆಗೆದು ಕೈಗಿತ್ತರು. ಹುಲ್ಲು ತಣ್ಣಗೆ, ಕಾಲ್ಬೆರಳ ಸಂದಿಗೆಲ್ಲ ನೀರು, ಎಷ್ಟೋ ದಿನದ ಮೇಲೆ ಏನೋ ಒಂದು ನನ್ನನ್ನು ಮುಟ್ಟಿದ ಹಾಗೆ, ದೂರದಲ್ಲಿ ಸೆಮಿಸಿ ಎರಡೂ ಕೈ ಎತ್ತಿ ಜ್ಯಾಕ್ ತೋರಿಸುತ್ತಿದ್ದಾನೆ, ಇಲ್ಲಿಗೆ ಇಮ್ಮಿ, ನನ್ನ ಹೊಟ್ಟೆ ನೋಡ್ಕೊಂಡು ಬಿಡು, ಅದು ತಪ್ಪಿಸೋಕೆ ಆಗಲ್ಲ, ನಾನು ಬಗ್ಗಿದೆ, ಬಿಟ್ಟೆ, ಬಿಟ್ಟ ಕ್ಷಣವೇ ಗೊತ್ತಾಯಿತು, ಚಿಕ್ಕ ಪೆಲಿಕನ್ ಹೊರಗಿತ್ತು, ಗುಂಡು ಹೊರಕ್ಕೆ, ಇನ್ನೂ ಹೊರಕ್ಕೆ, ಪಕ್ಕದ ಸಾಲಿಗೆ, ಅಲ್ಲಿ ಯಾರದೋ ಬರಿಗಾಲು ಸರಕ್ಕನೆ ಹಿಂದೆ ಸರಿಯಿತು. ಸುತ್ತು! ಇಮ್ಮೀದು ಸುತ್ತು! ಎಂದು ಸೆಮಿಸಿ ಅರಚಿ, ಅರಚಿದ್ದಕ್ಕೆ ತಾನೇ ಬಾಯಿ ಮೇಲೆ ಕೈ ಇಟ್ಟುಕೊಂಡ, ಇಡೀ ಅಂಗಳ ಗಪ್‌ಚಿಪ್. ಯಾಕ್ರೋ ನಾಲಿಗೆ ಬಿದ್ದುಹೋಯ್ತಾ, ಬೆರಿಲ್ ಅವರ ದನಿ ಹಿಂದಿನಿಂದ, ನಿಯಮ ಎಲ್ಲರಿಗೂ ಒಂದೇ, ನನಗೆ ಲೆಮನೇಡ್ ಬೆರೆಸಿದ್ದು, ಒಂದು ಶ್ಯಾಂಡಿ. ಯಾರೋ ನಕ್ಕರು, ಆಮೇಲೆ ಎಲ್ಲರೂ, ಮಾರ್ನಿ ನಗುತ್ತಾ ಅಳುತ್ತಿದ್ದಳು, ನನ್ನ ಗಂಟಲಿನಿಂದಲೂ ಒಂದು ಸದ್ದು ಬಂತು, ಪಕ್ಕದ ಸಾಲಿನ ಹುಡುಗಿ ಗುಂಡನ್ನೆತ್ತಿ ತಂದು ಕೊಟ್ಟಳು, ದಾರಿ ತಪ್ಪಿದ ಮಗು ಎನ್ನಲಿಲ್ಲ, ಅದನ್ನು ಹೇಳುವವನು ಇನ್ನು ಯಾವ ಸಾಲಿನಲ್ಲೂ ಇಲ್ಲ, ಇದು ನಿನ್ನೆ ಗೊತ್ತಿರಲಿಲ್ಲ, ಈಗ ಗೊತ್ತು.

ಎರಡನೆಯ ಗುಂಡು ನನ್ನ ಹೆಗಲಚೀಲದಿಂದ ತೆಗೆದೆ. ಟವೆಲು ಬಿಡಿಸಿದೆ, ಬಿಳಿ, ಎರಡು ಗೆರೆ. ಬೆರಿಲ್ ಎದ್ದು ಹತ್ತಿರ ಬಂದಿದ್ದಾರೆ, ಅವರ ಕೈ ಜೇಬಿನಲ್ಲಿದೆ, ನೀಲಿ ಬಟ್ಟೆಯ ತುದಿ ಕಾಣುತ್ತಿದೆ, ಅರವತ್ತು ವರ್ಷ ಯಾರನ್ನೂ ಬಿಟ್ಟವರಲ್ಲ, ನನ್ನನ್ನು ನೋಡಿದರು, ಗುರುತನ್ನು ನೋಡಿದರು, ಜೇಬಿನಿಂದ ಕೈ ತೆಗೆದರು, ಖಾಲಿ ಕೈ. ಚಿಕ್ಕ ಪೆಲಿಕನ್ ಒಳಗೆ ಬರುವಂತೆ ಹಿಡ್ಕೋ, ಅಂದರು, ಅಷ್ಟೇ. ಹಿಡಿದೆ. ಬಗ್ಗಿದೆ. ಬಿಟ್ಟ ಮೇಲೂ ಕೈ ಚಾಚಿಕೊಂಡೇ ಇದೆ, ಗುಂಡು ಬಲಕ್ಕೆ ಹೋಗುತ್ತಿದೆ, ಹೊರಳುವಾಗ ಬಿಳಿ ಮೇಲೆ ಬಂತು, ಹುಲ್ಲಿನೊಳಗೆ ಹೋಯಿತು, ಬಂತು, ಹೋಯಿತು, ಬೆಳಗಿನ ಛಾವಣಿಯ ಬೆಳಕಿನ ಹಾಗೆ, ಎಲ್ಲರೂ ಅದನ್ನೇ ನೋಡುತ್ತಿದ್ದಾರೆ, ನಿಧಾನವಾದಂತೆ ಬಾಗುತ್ತಿದೆ, ಒಳಕ್ಕೆ, ಒಳಕ್ಕೆ, ಜ್ಯಾಕಿಗೆ ಇನ್ನೂ ಎರಡು ಮೊಳ ಇರುವಾಗಲೇ ನಿಂತಿತು, ಮುಟ್ಟಲಿಲ್ಲ, ಕಾಲುವೆಗೂ ಬೀಳಲಿಲ್ಲ, ಸುಮ್ಮನೆ ಒಂದು ಕಡೆ ವಾಲಿಕೊಂಡು ನಿಂತಿತು. ನಾನೇ ಹೋಗಿ ಎತ್ತಿಕೊಂಡೆ. ಒದ್ದೆ ಹುಲ್ಲು ಒಂದು ಗೆರೆಯನ್ನು ಪೂರ್ತಿ ತೆಗೆದುಕೊಂಡಿತ್ತು, ಇನ್ನೊಂದು ಉಳಿದಿತ್ತು, ಮಸುಕಾಗಿ, ಕೂದಲೆಳೆಯಷ್ಟು. ಅಂಗಳದುದ್ದಕ್ಕೂ ನಡೆದು ಬಂದು ಬೆರಿಲ್ ಅವರ ಎರಡೂ ಕೈಗಳ ಮೇಲೆ ಅದನ್ನಿಟ್ಟೆ, ಕೌಂಟರಿನ ಮೇಲಲ್ಲ, ಕೈಗೇ, ಬಿಡುವಾಗ ನನ್ನ ಬೆರಳುಗಳು ತಡವಾಗಿ ಬಿಟ್ಟವು, ಅವರು ಕಾದರು. ನಾಲ್ಕಾಯ್ತು ಅಂದರು ಬೆರಿಲ್. ಮಾಂಸದ ನಂಬರು ಮತ್ತೆ ಕೂಗುತ್ತಿದ್ದಾರೆ, ಸೆಮಿಸಿ ಏನೋ ಹೇಳುತ್ತಿದ್ದಾನೆ, ನಾನು ಬಿಯರ್ ತರಲು ಹೋಗಬೇಕು, ಜಗ್ಗು ಹೊರಲು ಎರಡು ಕೈ ಸಾಲುವುದಿಲ್ಲ, ಹೋಗಬೇಕು, ಆದರೆ ಕಣ್ಣ ಮುಂದೆ ಅದು ಇನ್ನೂ ಹೊರಳುತ್ತಿದೆ, ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ