ಕಡ್ಲೆಪುರಿ ತಿಂದ ಕಂಪ್ಯೂಟರ್

ನಾನು ಒಂದು ಕಂಪ್ಯೂಟರ್. ಯಾವ ಕಂಪನಿ ಎಂದು ಮಾತ್ರ ಕೇಳಬೇಡಿ, ನನಗೆ ಕುಲಗೋತ್ರ ಇಲ್ಲ. ಮದರ್‌ಬೋರ್ಡ್ ಒಂದು ಕಡೆಯದು, ಹಾರ್ಡ್ ಡಿಸ್ಕ್ ಇನ್ನೊಂದು ಕಡೆಯದು, ಮೈಮೇಲಿನ ತಗಡಿನ ಡಬ್ಬ ಯಾರದೋ ಏನೋ. ಹೀಗೆ ಹತ್ತು ಅಂಗಡಿಯ ಸಾಮಾನು ತಂದು ನನ್ನನ್ನು ಜೋಡಿಸಿದವನು ನಿಜಗುಣ. ನಂಜನಗೂಡಿನಲ್ಲಿ, ಅವನ ಅಣ್ಣನ ಮನೆಯ ಹಾಲಿನಲ್ಲಿ, ಚಾಪೆಯ ಮೇಲೆ ನಾನು ಕಣ್ಣುಬಿಟ್ಟೆ. ಅದಾಗಿ ಹದಿನಾಲ್ಕು ವರ್ಷವಾಯಿತು. ನಮ್ಮ ಪೈಕಿಯವರಲ್ಲಿ ಅದು ಶತಾಯುಷ್ಯ. ಪುಣ್ಯವೋ ಕರ್ಮವೋ ತಿಳಿಯದು, ದಣಿವಂತೂ ಆಗಿದೆ.

ಅಣ್ಣ ಪಂಚಾಕ್ಷರಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಪ್ರಶ್ನೆಪತ್ರಿಕೆಗಳನ್ನೆಲ್ಲ ನನ್ನ ಮೇಲೇ ಕುಟ್ಟುತ್ತಿದ್ದರು, ನಿಜಕ್ಕೂ ಕುಟ್ಟುತ್ತಿದ್ದರು. ಮನೆಗೆ ಯಾರೇ ಬರಲಿ, ಕಾಫಿಗೆ ಮೊದಲು ನನ್ನ ಪ್ರದರ್ಶನ. "ಇದು ಅಂಗಡೀದಲ್ಲ ಸ್ವಾಮಿ. ನನ್ನ ತಮ್ಮ ಜೋಡ್ಸಿದ್ದು." ಹಾಗೆ ಹೇಳುವಾಗ ಅವರ ಎದೆ ಎರಡಿಂಚು ಉಬ್ಬುತ್ತಿತ್ತು. ಆ ಮಾತು ಕೇಳುವುದು ನನಗೂ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ.

ನನ್ನ ಮುಖದಲ್ಲಿ ಮುಚ್ಚಳವಿಲ್ಲದ ಒಂದು ಖಾಲಿ ಗೂಡಿತ್ತು. ಮುಂದೆ ಬೇರೆ ಏನಾದರೂ ಹಾಕಬಹುದೆಂದು ನಿಜಗುಣ ಅದನ್ನು ಹಾಗೇ ಬಿಟ್ಟಿದ್ದ. ಅವರ ತಾಯಿ ಪುಟ್ಟಬಸಮ್ಮನಿಗೆ ಅದು ನನ್ನ ಬಾಯಿಯಾಗಿ ಕಂಡಿತು. ಆಯುಧಪೂಜೆಯ ದಿನ ಎಲ್ಲರೂ ಸ್ಕೂಟರಿಗೆ, ಈಳಿಗೆಮಣೆಗೆ, ಮಿಕ್ಸಿಗೆ ವಿಭೂತಿ ಕುಂಕುಮ ಹಚ್ಚಿ ಸುಮ್ಮನಾಗುತ್ತಾರೆ. ಆ ತಾಯಿ ಹಾಗಲ್ಲ. ಮಗ ಸೊಸೆ ಅತ್ತ ತಿರುಗಿದ ಕೂಡಲೇ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ವರ್ಷವೆಲ್ಲ ದುಡೀತದೆ, ಪಾಪ, ಇದ್ಕೂ ಒಂದ್ ತುತ್ತು ಬ್ಯಾಡ್ವಾ," ಎನ್ನುತ್ತ ಆ ಗೂಡಿಗೆ ಒಂದು ಹಿಡಿ ಕಡ್ಲೆಪುರಿ, ಮೇಲೊಂದಿಷ್ಟು ಸಕ್ಕರೆ ಸುರಿಯುತ್ತಿದ್ದರು. ಅಷ್ಟು ಪ್ರೀತಿಯಿಂದ ನನಗೆ ಮತ್ಯಾರೂ ಉಣಿಸಿಲ್ಲ. ಅಷ್ಟು ಕೇಡನ್ನೂ ಮತ್ಯಾರೂ ಮಾಡಿಲ್ಲ.

ಸಕ್ಕರೆಗೆ ಇರುವೆ ಬಂದವು. ಪುರಿ ಒಳಗೊಳಗೇ ಜಾರಿ ಫ್ಯಾನಿಗೆ ಸಿಕ್ಕಿಕೊಂಡಿತು. ಮೂರು ವರ್ಷದ ಹಿಂದೆ ಮೇಷ್ಟ್ರು ವಾರ್ಷಿಕ ಪರೀಕ್ಷೆಯ ಪತ್ರಿಕೆ ಮುಗಿಸುತ್ತಿದ್ದಾಗ ನನ್ನ ಫ್ಯಾನು ನಿಂತೇಹೋಯಿತು. ಮೈ ಕೆಂಡವಾಗಿ ನಾನು ಆರಿಹೋದೆ. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಮರುದಿನ ಹೆಡ್‌ಮಾಸ್ಟರು ಎಲ್ಲರೆದುರು ಅವರನ್ನು ಬೈದರಂತೆ.

ನಿಜಗುಣ ಓಡಿಬಂದು ನನ್ನನ್ನು ಬಿಚ್ಚಿದ. ಒಳಗೆ ಪುರಿ, ಇರುವೆ, ಕರಗಿದ ಸಕ್ಕರೆ. ಎಲ್ಲ ಅರ್ಥವಾಗಿ ನಗಲು ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ತಾಯಿ, "ಏನಾಗದೆ ಮಗ? ನಾನೇನಾರ ಪೂಜೇಲಿ ತೆಪ್ಪು ಮಾಡ್ಬುಟ್ನಾ?" ಎಂದರು. ಅಣ್ಣ ಬಾಗಿಲಲ್ಲಿ ಕೆಂಡ ಕಾರುತ್ತ ನಿಂತಿದ್ದರು. ನಿಜಗುಣ ಪುರಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಇಲ್ಲ ಕಣವ್ವ. ನಾನ್ ಹಾಕಿದ್ ಫ್ಯಾನೇ ಸರಿ ಇರ್ಲಿಲ್ಲ."

"ಒಡಹುಟ್ಟಿದೋನು ಅಂತ ನಂಬಿದ್ದಕ್ಕೆ ಹಳೇ ಸಾಮಾನ್ ತಂದು ನನಗೇ ಕಟ್ಟಿದೀಯಲ್ಲೋ," ಎಂದರು ಮೇಷ್ಟ್ರು.

ನಿಜಗುಣ ಮುಷ್ಟಿಯ ಪುರಿಯನ್ನು ಜೇಬಿಗೆ ಹಾಕಿಕೊಂಡ. ಹೊಸ ಫ್ಯಾನು ಹಾಕಿ, ಖಾಲಿ ಗೂಡಿಗೆ ಒಂದು ರಟ್ಟು ಅಂಟಿಸಿ, ಕಾಫಿ ಕುಡಿಯದೆ ಹೋದ. ಸುಳ್ಳು ಹೇಳಿ ತಾಯಿಯನ್ನು ಉಳಿಸಿದ, ಸರಿ. ಆದರೆ ಕಳ್ಳ ಅನ್ನಿಸಿಕೊಂಡ ಮೇಲೆ ನಿಜ ಹೇಳಲು ಮನಸ್ಸು ಬರಲಿಲ್ಲ. ಅಣ್ಣನಿಗೂ ಕೇಳಲು ಮನಸ್ಸು ಬರಲಿಲ್ಲ. ಮುಂದಿನ ಆಯುಧಪೂಜೆಗೆ ತಾಯಿ, "ನನ್ ಮಗ ಇದರ ಬಾಯಿ ಕಟ್ಟವ್ನಲ್ಲ!" ಎಂದು ರಟ್ಟನ್ನು ಬೆರಳಲ್ಲಿ ಒಳಕ್ಕೆ ತಳ್ಳಿ, ಕಾಯಿಲೆ ಬಿದ್ದು ಎದ್ದವನಿಗೆಂದು ಎರಡು ಹಿಡಿ ಪುರಿ ಹಾಕಿದರು. ಅದೇ ವರ್ಷ ತೀರಿಕೊಂಡರು. ಅಣ್ಣತಮ್ಮಂದಿರು ಹೆಣಕ್ಕೆ ಜೊತೆಯಾಗಿ ಹೆಗಲು ಕೊಟ್ಟರು, ಮಾತು ಆಡಲಿಲ್ಲ.

ಆಮೇಲೆ ನಾನು ದಿನಕ್ಕೊಂದು ರೋಗದವನಾದೆ. ನಾನು ಎದ್ದೇಳುವಷ್ಟರಲ್ಲಿ ಮೇಷ್ಟ್ರು ಸ್ನಾನ ಮುಗಿಸಿ ಪೇಪರು ಓದಿರುತ್ತಿದ್ದರು. ನನ್ನ ಬದಲಿಗೆ ಹೊಸದು ತರುವ ಮಾತು ಶುರುವಾಯಿತು.

"ರೆಡಿಮೇಡೇ ತರೋದು," ಎಂದರು ಮೇಷ್ಟ್ರು. "ಒಂದೇ ಕಂಪನಿ, ಒಂದೇ ವಾರಂಟಿ."

"ಜೋಡ್ಸಿದ್ದಾದ್ರೆ ಕೆಟ್ಟಿದ್ದೊಂದನ್ನೇ ಬದಲಾಯಿಸ್ಬೋದಲ್ರೀ," ಎಂದರು ಅವರ ಹೆಂಡತಿ ವಿಮಲಾಕ್ಷಿ. "ಇದು ಹದಿನಾಕು ವರ್ಷ ಬಂತು."

"ಜೋಡ್ಸೋರು ಯಾರು?"

ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದರು. ಹೆಸರು ಇಬ್ಬರ ಬಾಯಲ್ಲೂ ಇತ್ತು, ಯಾರೂ ಆಡಲಿಲ್ಲ. ಒಂದು ತಿಂಗಳು ಇದೇ ರಾಮಾಯಣ. ಜೋಡಿಸುವುದಾದರೆ ತಮ್ಮನನ್ನು ಕರೆಯಬೇಕು. ಕೊಂಡು ತಂದರೆ ಅವನನ್ನು ಕರೆಯಲು ಈ ಮನೆಯಲ್ಲಿ ಇನ್ನು ನೆಪವೇ ಉಳಿಯುವುದಿಲ್ಲ. ಇದು ನನಗೂ ಗೊತ್ತು, ಅವರಿಬ್ಬರಿಗೂ ಗೊತ್ತು. ಆದರೆ ನಡೆದ ನಿಜ ಈ ಮನೆಯಲ್ಲಿ ಗೊತ್ತಿದ್ದುದು ನನಗೊಬ್ಬನಿಗೆ. ಹೇಳೋಣವೆಂದರೆ ಇದ್ದೊಂದು ಬಾಯಿಯ ತುಂಬ ಪುರಿ.

ಕಡೆಗೆ ಮೇಷ್ಟ್ರು ಅಂಗಡಿಗೆ ಹೋಗಿ ರೆಡಿಮೇಡ್ ಒಂದನ್ನು ನೋಡಿಬಂದರು. ಹಳೆಯ ಹಾರ್ಡ್ ಡಿಸ್ಕ್ ಬಿಚ್ಚಿ ತಂದರೆ ಪ್ರಶ್ನೆಪತ್ರಿಕೆಗಳನ್ನು ಹೊಸದಕ್ಕೆ ಹಾಕಿಕೊಡುತ್ತೇವೆ ಎಂದರಂತೆ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವರೇ ಸ್ಕ್ರೂಡ್ರೈವರ್ ಹಿಡಿದು ಕೂತರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ನನ್ನ ಒಳಗು ನೋಡಿದರು.

"ವಿಮಲಾ, ಬಾ ಇಲ್ಲಿ. ಇದೇನಿದು, ಪುರಿ?"

ಪುರಿಯ ನಡುವೆ ಅಂಟುಟೇಪಿನ ರಟ್ಟೂ ಬಿದ್ದಿತ್ತು. ವಿಮಲಾಕ್ಷಿ ಅದನ್ನು ಎತ್ತಿಕೊಂಡರು.

"ಇದು ನಿಜಗುಣ ಅಂಟ್ಸಿದ್ದು ಕಣ್ರೀ, ಜಗಳ ಆದ ದಿನ. ಆಮೇಲೆ ಅತ್ತೆ ತಳ್ಳಿಬಿಟ್ಟಿದ್ರು, ಬಾಯಿ ಕಟ್ಟವ್ನೆ ಅಂತ. ನಾನು ಏನೋ ಮುದುಕಿ ಮಾತು ಅಂತ ನಕ್ಕು ಸುಮ್ಮನಾದೆ."

ಮೇಷ್ಟ್ರು ಲೆಕ್ಕದವರು, ಮೆಟ್ಟಿಲು ಬಿಡದೆ ಬಿಡಿಸುವವರು. ರಟ್ಟು ಅಂಟಿಸಿದ್ದಾನೆ ಎಂದರೆ ತೂತಿನಿಂದ ಏನು ಬೀಳುತ್ತದೆಂದು ಅವನಿಗೆ ಅಂದೇ ಗೊತ್ತಿತ್ತು. ಫ್ಯಾನು ಚೆನ್ನಾಗಿಯೇ ಇತ್ತು. ಅವರ ಮುಖ ಬಾಡಿತು.

"ಮತ್ತೆ ಅವತ್ತು ಬಾಯಿಬಿಟ್ಟು ಯಾಕೆ ಹೇಳ್ಲಿಲ್ಲ ಅವ್ನು?"

"ಅತ್ತೆ ಅಲ್ಲೇ ಕೂತಿದ್ರಲ್ರೀ."

ಮೇಷ್ಟ್ರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಆಮೇಲೆ ಫೋನು ಮಾಡಿದರು. ಏನೇನೋ ಹೇಳುವವರಂತೆ ಗಂಟಲು ಸರಿಮಾಡಿಕೊಂಡು, "ನಿಜಗುಣ, ಕಂಪ್ಯೂಟರ್ ಕೆಟ್ಟದೆ ಕಣೋ," ಎಂದಷ್ಟೇ ಹೇಳಿದರು.

ಭಾನುವಾರ ಬೆಳಿಗ್ಗೆ ನಿಜಗುಣ ಬಂದ. ಕೂದಲು ನರೆತಿತ್ತು. ಜೋಡಿಸುವ ಕಸುಬು ಬಿಟ್ಟು ಈಗ ನೀರಿನ ಫಿಲ್ಟರ್ ರಿಪೇರಿ ಮಾಡುತ್ತಾನಂತೆ. ತೆರೆದು ಬಿದ್ದಿದ್ದ ನನ್ನನ್ನು ನೋಡಿದ, ಅಣ್ಣನ ಮುಖ ನೋಡಿದ, ಎಲ್ಲ ತಿಳಿದುಕೊಂಡ. ಮೇಷ್ಟ್ರು, "ನಾನು ಅವತ್ತು ಅನ್ನಬಾರದ ಮಾತು ಅಂದ್ಬಿಟ್ಟೆ," ಎಂದರು. ನಿಜಗುಣ, "ಬುಡಣ್ಣ," ಎಂದ. ಮೂರು ವರ್ಷದ ಗಂಟು ಅಷ್ಟಕ್ಕೇ ಬಿಚ್ಚಿಕೊಂಡಿತು. ಇಷ್ಟು ಸುಲಭವಿದ್ದರೆ ಮೊದಲೇ ಬಿಚ್ಚಬಾರದಿತ್ತೇ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಕಾಫಿ ಬಂದಮೇಲೆ ನಿಜಗುಣ ಹೇಳಿದ, "ಈಗ ಜೋಡ್ಸೋದು ದಂಡ ಕಣಣ್ಣ. ರೆಡಿಮೇಡೇ ಒಳ್ಳೇದು. ಒಂದೇ ವಾರಂಟಿ."

"ಬ್ಯಾಡ. ನೀನೇ ಜೋಡ್ಸು."

"ಅಣ್ಣ, ಹೇಳೋದು ಕೇಳು. ಅಂಗಡೀಗೆ ಹೋದ್ರೆ ಒಂದೇ ದಿನದ ಕೆಲಸ. ಜೋಡ್ಸೋದು ಅಂದ್ರೆ ಒಂದೊಂದಕ್ಕೂ ಅಲೀಬೇಕು, ನಾನು ನಾಕೈದು ಸಲ ಇಲ್ಲಿಗೆ ಬರ್ಬೇಕಾಯ್ತದೆ."

"ಅದಕ್ಕೇ ಕಣೋ," ಎಂದರು ಮೇಷ್ಟ್ರು.

ನಿಜಗುಣ ಲೋಟ ಕೆಳಗಿಟ್ಟು ಆ ಕಡೆ ತಿರುಗಿಕೊಂಡ. ಈಗ ನಾನು ಸಜ್ಜದ ಮೇಲಿದ್ದೇನೆ, ಹಳೆಯ ಪಾತ್ರೆಗಳ ಪಕ್ಕ. ಕೆಳಗೆ ಚಾಪೆ ಹಾಸಿದ್ದಾರೆ. ಇವತ್ತು ನಿಜಗುಣ ಬಂದದ್ದು ಆರನೆಯ ಸಲ, ಕೆಲಸ ಅರ್ಧವೂ ಮುಗಿದಿಲ್ಲ. ಮುಗಿಸುವ ಅವಸರ ಇಬ್ಬರಲ್ಲಿ ಒಬ್ಬರಿಗೂ ಇದ್ದಂತಿಲ್ಲ.