ಕೀಲಿಕೈ ಮಾರ್ಕಿನ ಕೈಮಿಷನ್ನು

ನಮ್ಮ ಸೊಸೆ ಎಡಚಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಅಂಗಿಗೆ ಗುಂಡಿ ಹಚ್ಚುತ್ತ ಕೂತಿದ್ದನ್ನು ನನ್ನ ಮಗಳು ನೋಡಿ, "ಅಯ್ಯೋ ಅತ್ತಿಗೆ, ನೀವು ಗುಂಡಿ ಹೊಲೀತಿದ್ದೀರೋ, ಬೆರಳು ಹೊಲ್ಕೋತಿದ್ದೀರೋ?" ಎಂದಿದ್ದಳು. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ಆಮೇಲೆ ಅವಳು ನಾಲ್ಕು ಜನರ ಎದುರು ಸೂಜಿ ಹಿಡಿದದ್ದನ್ನು ನಾನು ಕಾಣೆ. ಪರದೆಯ ಅಂಚು ಬಿಚ್ಚಿದರೆ ಪಿನ್ನು, ದಿಂಬಿನ ಚೀಲ ಹರಿದರೆ ಪಿನ್ನು.

ಅಂಥವಳು ತಾನಾಗಿಯೇ ಹೊಲಿಗೆ ಮಿಷನ್ನು ಬೇಕೆಂದಳು. "ಮನೆ ಮಟ್ಟಿಗೆ ಸಾಕು ಮಾವ. ಇದೂ ಕೈಗೆ ಹತ್ತದಿದ್ರೆ ಇನ್ಮೇಲೆ ಹೊಲಿಗೆ ಮಾತೇ ಎತ್ತಲ್ಲ."

ನಾನು, ಮಗ, ಸೊಸೆ, ಮಗಳು ನಾಲ್ವರೂ ಅಂಗಡಿಗೆ ಹೋದೆವು. ಅಂಗಡಿಯವ ಎರಡು ಮಿಷನ್ನು ತೋರಿಸಿದ. ಹಂಸದ ಮಾರ್ಕಿನದು ಬೆಳ್ಳಗೆ, ಹಗುರ; ಕರೆಂಟಿನದು, ಕಾಲಲ್ಲಿ ಒತ್ತಿದರೆ ಓಡುವುದು. ಕೀಲಿಕೈ ಮಾರ್ಕಿನದು ಕರ್ರಗೆ, ಕಲ್ಲಿನಂತೆ ಭಾರ. ಬಲಗಡೆಯ ಚಕ್ರಕ್ಕೆ ಒಂದು ಹಿಡಿ, ಅದನ್ನು ಕೈಯಲ್ಲೇ ತಿರುಗಿಸಬೇಕು.

"ಯಾವುದು ಒಳ್ಳೇದು?" ಎಂದ ಮಗ.

"ಎರಡೂ ಒಳ್ಳೇವೇ ಸಾರ್. ಇದು ಓಡುತ್ತೆ, ಅದು ನಡೆಯುತ್ತೆ."

ಮಗನಿಗೆ ಹಂಸವೇ ಆಗಬೇಕು. ಮಗಳಿಗೂ ಅದೇ, ಅವಳ ಮನೆಯಲ್ಲಿರುವುದೂ ಹಂಸ. ಸೊಸೆಯನ್ನು ಅದರ ಮುಂದೆ ಕೂರಿಸಿದರು. ಅವಳು ಎಡಗೈಯಲ್ಲಿ ಬಟ್ಟೆ ಹಿಡಿದಳು. ಮಗಳು ಆ ಕೈ ಸರಿಸಿ, "ಬಲಗೈ ಮುಂದಿರಬೇಕು ಅತ್ತಿಗೆ, ಬಟ್ಟೆ ನಡೆಸೋದು ಬಲಗೈ" ಎಂದಳು. ಸೊಸೆ ಕಾಲು ಒತ್ತಿದ್ದೇ ತಡ, ಮಿಷನ್ನು ಕಿತ್ತುಕೊಂಡು ಓಡಿತು. ಹೊಲಿಗೆ ಅಡ್ಡಾದಿಡ್ಡಿ ಹರಿದು ಅಂಚಿನಿಂದ ಆಚೆ ಹೋಯಿತು.

"ಅಣ್ಣಾ, ನೋಡೋ, ಹಾವು ಹೊರಟ ಹಾಗಿದೆ!"

ಸೊಸೆ ಎದ್ದಳು. "ಬೇಡ ಬಿಡಿ. ಮನೆಗೆ ಹೋಗೋಣ."

"ಒಂದೇ ಸಲಕ್ಕೆ ಬಂದುಬಿಡುತ್ತಾ? ಕಲಿತರೆ ಬರುತ್ತೆ," ಎಂದು ಮಗ ಅಂಗಡಿಯವನ ಕಡೆ ತಿರುಗಿ, ಹಂಸದಲ್ಲಿ ಎಷ್ಟು ಬಗೆಯ ಹೊಲಿಗೆ ಬರುತ್ತದೆ, ಕೆಟ್ಟರೆ ಯಾರು ನೋಡುತ್ತಾರೆ ಎಂದೆಲ್ಲ ಕೇಳತೊಡಗಿದ. ಮಗಳೂ ಅದರಲ್ಲಿ ಸೇರಿಕೊಂಡಳು.

ಸೊಸೆಗೆ ನಿಂತು ಸಾಕಾಗಿರಬೇಕು. ಕೀಲಿಕೈ ಮಾರ್ಕಿನದರ ಮುಂದಿನ ಸ್ಟೂಲಿನ ಮೇಲೆ ಕೂತಳು. ಸುಮ್ಮನೆ ಹಿಡಿ ತಿರುಗಿಸಿ ನೋಡಿದಳು. ಆಮೇಲೆ ಒಂದು ಚೂರು ಬಟ್ಟೆ ತೂರಿಸಿದಳು. ಬಲಗೈಗೆ ತಿರುಗಿಸುವ ಕೆಲಸವಷ್ಟೇ. ಬಟ್ಟೆ ಎಡಗೈಯ ಪಾಲಿಗೆ ಬಂತು. ಆ ಕೈಯನ್ನು ಸರಿಸುವವರು ಹತ್ತಿರ ಇರಲಿಲ್ಲ. ಅಂಚಿನಿಂದ ಒಂದು ಬೆರಳು ಬಿಟ್ಟು, ಗೆರೆ ಎಳೆದ ಹಾಗೆ ಹೊಲಿಗೆ ಬಿತ್ತು. ಅವಳು ಬಟ್ಟೆ ತಿರುವಿ ಹಿಂಬದಿಯನ್ನೂ ನೋಡಿದಳು.

"ರೀ, ನನಗೆ ಇದು."

ಮಗ ನಕ್ಕ. "ಈ ಕಾಲದಲ್ಲಿ ಕೈಮಿಷನ್ನಾ? ನೋಡಿದೋರು ನಗ್ತಾರೆ ಕಣೇ."

"ನಗಲಿ ಬಿಡಿ. ನಗೋರು ನನಗೇನು ಹೊಸಬರಾ?"

ಮಗಳು ಆ ಚೂರನ್ನು ಕೈಗೆ ತೆಗೆದುಕೊಂಡು ನೋಡಿದಳು. "ಏಳಿ ಅತ್ತಿಗೆ, ಇದೇನು ಮಹಾ," ಎಂದು ತಾನೇ ಕೂತಳು. ಬಲಗೈಯಲ್ಲಿ ತಿರುಗಿಸಿದಳು. ಎಡಗೈಗೆ ಬಟ್ಟೆ ಹಿಡಿತಕ್ಕೆ ಸಿಗಲಿಲ್ಲ. ಹೊಲಿಗೆ ಮೊದಲು ಒಳಗೆ, ಆಮೇಲೆ ಹೊರಗೆ, ಕೊನೆಗೆ ಬಟ್ಟೆ ಬಿಟ್ಟೇ ಹೋಯಿತು. ಎಡಗೈಗೆ ಬಲಗೈ ಸಹಾಯಕ್ಕೆ ಬಂದರೆ ಚಕ್ರ ನಿಲ್ಲುತ್ತಿತ್ತು. ಅಂಗಡಿಯವ ಕೆಮ್ಮಿನ ನೆಪದಲ್ಲಿ ಮುಖ ತಿರುಗಿಸಿದ.

"ಅಪ್ಪಾ, ನನ್ನ ಎಡಗೈ ಬರೀ ಅಲಂಕಾರಕ್ಕೆ ಇದ್ದ ಹಾಗಿದೆ," ಎಂದಳು ಮಗಳು. ಸೊಸೆ ನಗಲಿಲ್ಲ. ಬೇಕಾಗಿದ್ದರೆ ನಗಬಹುದಿತ್ತು.

ಕೊನೆಗೆ ಕೈಮಿಷನ್ನನ್ನೇ ಕೊಂಡು, ಮನೆಗೆ ತಂದು ಕಿಟಕಿಯ ಪಕ್ಕ ಇಟ್ಟೆವು. ಮುಂದೆ ಬೇಕೆನಿಸಿದರೆ ಮೋಟಾರು ಹಾಕಿಸೋಣ ಎಂದ ಮಗ. "ನೋಡೋಣ," ಎಂದಳು ಅವಳು. ಪರದೆಯ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ, ಎಲ್ಲರೂ ಓಡಾಡುತ್ತಿದ್ದ ನಡುಮನೆಯಲ್ಲೇ ಹೊಲಿಯಲು ಕೂತಳು.

ಮರುವಾರ ಮಗಳು ಮಡಚಿದ ಹಾಸುಬಟ್ಟೆಯೊಂದನ್ನು ತಂದಳು. "ಅತ್ತಿಗೆ, ಇದರ ಅಂಚು ಹೊಲಿದುಕೊಡ್ತೀರಾ? ದಪ್ಪ ಬಟ್ಟೆ, ನನ್ನ ಹಂಸಕ್ಕೆ ಒಗ್ಗಲ್ಲ."

ಸೊಸೆ ಚಕ್ರ ನಿಲ್ಲಿಸಲಿಲ್ಲ. "ಅಲ್ಲಿಡಿ. ಮೊದಲು ನಮ್ಮನೇದು ಮುಗೀಲಿ."